ಟೈರ್ ಅಂಗಡಿ ಕಾಕಾ ಮತ್ತು ನನ್ನ ಎರಡು ಅಳತೆಯ ಹುಚ್ಚು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆ ಹೋಗುವಾಗ ಎಡಗಡೆ ಒಂದು ಲಾರಿ ಟೈರಿಗೆ ಸುಣ್ಣ ಬಳಿದು ನಿಲ್ಲಿಸಿದ್ದಾರೆ. ಅಂಗಡಿಗೆ ಅದೇ ಬೋರ್ಡು. ಹೆಸರು ಯಾಕೆ ಬರೆಸಿಲ್ಲ ಅಂತ ಕೇಳಿದೆ. "ಗಾಳಿ ಬೇಕಾದೋರು ಹುಡುಕ್ಕೊಂಡು ಬರ್ತಾರೆ ಬಿಡು ತಮ್ಮಾ" ಅಂದರು ಕಾಕಾ. ಹಾಗಾಗಿ ಅಂಗಡಿಯ ಈ ವಿಮರ್ಶೆಯನ್ನು ನಾನೂ ಹೆಸರಿಲ್ಲದೆಯೇ ಬರೆಯುತ್ತಿದ್ದೇನೆ, ಪೂರ್ತಿ ಸ್ಟಾರಿಗೆ ಒಂದು ಕಡಿಮೆ ಕೊಟ್ಟು.

ನಾನು ಹಲ್ಲಿನ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಡೆಂಟಲ್ ಕಾಲೇಜು ಇರುವ ಊರಲ್ಲಿ ಈ ಕೆಲಸಕ್ಕೆ ಬರ ಇಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ನಾವು ಕ್ಯಾಪು, ಬ್ರಿಡ್ಜು ಮಾಡಿ ಕೊಡುತ್ತೇವೆ. ದಿನವಿಡೀ ಮಿಲಿಮೀಟರಿನ ಚೂರುಗಳ ಜೊತೆ ಜಗಳ. ಅಂಥವನು ಕಾರಿನ ಮುಂದಕ್ಕೂ ಹಿಂದಕ್ಕೂ ಎತ್ತರದಲ್ಲಿ 17 ಮಿಲಿಮೀಟರ್ ವ್ಯತ್ಯಾಸದ ಟೈರ್ ಹಾಕಿಸಿಕೊಂಡು ರೇಸ್ ಟ್ರ್ಯಾಕಿಗೆ ಹೋದೆ ಅಂದರೆ ನಂಬುತ್ತೀರಾ? ಹೋದೆ.

ಕಾರು 2014ರ ಪೋಲೊ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡ್. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದಕ್ಕೆ ಇದ್ದ ಟೈರು 185/60 ಆರ್15. ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಟ್ಟುಕೊಟ್ಟೈ ಟ್ರ್ಯಾಕಿಗೆ ಹೋಗುತ್ತೇನೆ. ಈಗ ಅದನ್ನು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅನ್ನುತ್ತಾರೆ. 3.717 ಕಿಲೋಮೀಟರ್ ಸುತ್ತು, 12 ತಿರುವು. ನಮ್ಮೂರಿಂದ ಆರುನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. "ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲೋಕೆ ಅಷ್ಟು ದೂರ ಹೋಗ್ಬೇಕಾ?" ಅಂತಾಳೆ ಅಮ್ಮ. ನನ್ನ ಹತ್ತಿರ ಉತ್ತರ ಇಲ್ಲ.

ಎರಡು ಅಳತೆ ಯಾಕೆ ಹಾಕಿಸಿದೆ ಅಂದರೆ, ಅರ್ಧ ಆಸೆ, ಅರ್ಧ ಜಿಪುಣತನ. ಪೋಲೊದಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ತಿರುಗುವುದೂ ಅವೇ, ಬ್ರೇಕ್ ಹಾಕಿದಾಗ ಹೆಚ್ಚಿನ ಭಾರ ತಡೆಯುವುದೂ ಅವೇ. ಹಿಂದಿನವು ಮದುವೆ ದಿಬ್ಬಣದ ಹಿಂದೆ ಬರುವ ನೆಂಟರ ಥರ ಸುಮ್ನೆ ಬರುತ್ತವೆ. ಎರಡು ಸಲ ಟ್ರ್ಯಾಕಿಗೆ ಹೋಗಿ ಬಂದ ಮೇಲೆ ಮುಂದಿನ ಟೈರಿನ ಹೊರ ಅಂಚು ಬೋಳಾಗಿತ್ತು. ಹಿಂದಿನವುಗಳಲ್ಲಿ ಬಟನ್, ಅಂದರೆ ಟೈರಿನ ಮೈಮೇಲಿನ ಉಬ್ಬು, ಇನ್ನೂ ಚೆನ್ನಾಗಿಯೇ ಇತ್ತು. ನಾಲ್ಕೂ ಬದಲಾಯಿಸಲು ಮನಸ್ಸು ಬರಲಿಲ್ಲ. ಸಾಲದ್ದಕ್ಕೆ ವೇಗದ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುತ್ತಿತ್ತು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ "ಆಮೇಲೆ ನೋಡೋಣ" ಅನ್ನೋ ಸರ್ಕಾರಿ ಕಚೇರಿಯ ಧೋರಣೆ.

ದೊಡ್ಡ ಊರಿನ ಒಂದು ಹೊಳೆಯುವ ಶೋರೂಮಿಗೆ ಹೋದೆ. ಎಸಿ ಇತ್ತು, ಕಾಫಿ ಕೊಟ್ಟರು. ಟೀ ಶರ್ಟ್ ಹಾಕಿದ ಹುಡುಗ ಹೇಳಿದ: "ಫ್ರಂಟ್ ವೀಲ್ ಡ್ರೈವ್ ಅಲ್ವಾ ಸರ್? ಮುಂದೆ 205/50 ಹಾಕಿ, ಹಿಂದೆ ಹಾಗೇ ಇರಲಿ. ಗೋ ಕಾರ್ಟ್ ಥರ ತಿರುಗುತ್ತೆ."

ತಿರುಗಿತು.

ಈ ಸಂಖ್ಯೆಗಳ ಲೆಕ್ಕ ಕಷ್ಟವೇನಲ್ಲ. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 60 ಭಾಗ, ಅಂದರೆ 111 ಮಿಲಿಮೀಟರ್. 15 ರಿಮ್ಮಿನ ಇಂಚು, 381 ಮಿಲಿಮೀಟರ್. ಗೋಡೆ ಮೇಲೊಂದು ಕೆಳಗೊಂದು ಸೇರಿಸಿದರೆ ಟೈರಿನ ಒಟ್ಟು ಎತ್ತರ 603. ಅದೇ 205/50 ಆರ್15ಕ್ಕೆ ಲೆಕ್ಕ ಹಾಕಿ. 586 ಬರುತ್ತದೆ. ಅಗಲ ಜಾಸ್ತಿ ಆಯ್ತು, ಎತ್ತರ ಕಡಿಮೆ ಆಯ್ತು. ಕಿಲೋಮೀಟರಿಗೆ ಮುಂದಿನ ಚಕ್ರ ಹಿಂದಿನದಕ್ಕಿಂತ ಸುಮಾರು 15 ಸುತ್ತು ಹೆಚ್ಚು ತಿರುಗಬೇಕು. ಕಾಫಿ ಕುಡಿಯುತ್ತಾ ಮೊಬೈಲಿನಲ್ಲೇ ಇದನ್ನು ನೋಡಬಹುದಿತ್ತು. ನಾನು ಕಾಫಿ ಚೆನ್ನಾಗಿದೆ ಅಂದೆ, ಅಷ್ಟೆ.

ಊರೊಳಗೆ ಏನೂ ಗೊತ್ತಾಗಲಿಲ್ಲ. ಶಾಮನೂರು ರಸ್ತೆಯಲ್ಲಿ ಯಾರು ಕಾರಿನ ಹಿಂಭಾಗ ಜಾರಿಸುತ್ತಾರೆ? ಟ್ರ್ಯಾಕಿಗೆ ಹೊರಟ ದಿನ ಚಿತ್ರದುರ್ಗ ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿಯುವ ಹೊತ್ತಿಗೆ ಮೊದಲ ಸಲ ಅದು ಕಾಣಿಸಿತು. ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಜಾರುತ್ತಿರುವ ಕಾರಿನ ಚಿತ್ರದ ಹಳದಿ ದೀಪ ಎರಡು ಸಲ ಮಿಟುಕಿತು. ಒಣಗಿದ ರಸ್ತೆ, ನೇರ ದಾರಿ, ಜಾರುವಂಥದ್ದು ಏನೂ ಇಲ್ಲ. ಹಿರಿಯೂರು ದಾಟಿ ಮತ್ತೆ ಮಿಟುಕಿತು. ಯಾವುದೋ ಸೆನ್ಸರ್‌ಗೆ ಧೂಳು ಕೂತಿರಬೇಕು ಅಂದುಕೊಂಡೆ. ಬೇಡದ ವಿಷಯಕ್ಕೆಲ್ಲ ನಮ್ಮ ಕಡೆ ಧೂಳೇ ಕಾರಣ ಅಲ್ವಾ.

ಟ್ರ್ಯಾಕಿನಲ್ಲಿ ಮೊದಲ ಮೂರು ಸುತ್ತು ಸ್ವರ್ಗ. ಮೂತಿ ಹೇಳಿದ ಕಡೆ ಹೋಗುತ್ತಿತ್ತು. ನನ್ನ ಅಲ್ಲಿಯವರೆಗಿನ ಅತಿ ವೇಗದ ಸುತ್ತು ಆವತ್ತು ಬೆಳಿಗ್ಗೆಯೇ ಬಂತು. ನಾಲ್ಕನೇ ಸುತ್ತಿನಲ್ಲಿ ಒಂದು ಉದ್ದನೆಯ ತಿರುವಿಗೆ ಸ್ವಲ್ಪ ಜಾಸ್ತಿ ವೇಗದಲ್ಲಿ ಹೋದೆ. ಹೆದರಿ ಆಕ್ಸಿಲರೇಟರಿಂದ ಕಾಲು ತೆಗೆದೆ. ಮಾಡಬಾರದ್ದು ಅದೇ. ಕಾಲು ತೆಗೆದ ಕೂಡಲೇ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಮುಂದಿನ ಅಗಲದ ಹೊಸ ಟೈರು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಹಿಂದಿನ ತೆಳು ಹಳೆ ಟೈರಿನ ಮೇಲಿದ್ದ ಭಾರ ಹಗುರಾಗಿ ಅದು ಕೈ ಬಿಡುತ್ತದೆ. ಕಾರು ಜಾರದಂತೆ ತಾನೇ ತಡೆಯುವ ಇಎಸ್‌ಪಿ ಇದ್ದೂ ಹಿಡಿಯಲಾಗಲಿಲ್ಲ. ಶಬ್ದ ಕೇಳಿಸಿತು, ಆಮೇಲೆ ಪಕ್ಕದ ಕಿಟಕಿಯಲ್ಲಿ ನಾನು ಬಂದ ದಾರಿ ಕಾಣಿಸಿತು. ಕಾರು ಹುಲ್ಲಿನ ಮೇಲೆ ಹಿಂದುಮುಂದಾಗಿ ನಿಂತಿತ್ತು. ಹಳದಿ ಬಾವುಟ ಬೀಸುತ್ತಿದ್ದರು. ನನಗೂ ಕಾರಿಗೂ ಏನೂ ಆಗಲಿಲ್ಲ. ಬಾಗಿಲ ಸಂದಿನಲ್ಲೆಲ್ಲ ಒಣ ಹುಲ್ಲು.

ವಾಪಸು ಬರುವಾಗ ತುಮಕೂರಿನ ಹತ್ತಿರ ಮಳೆ. ಅಗಲದ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ಹಿಂದಿನದರ ಮೇಲೆ ನನಗೆ ನಂಬಿಕೆ ಹೋಗಿತ್ತು. 60ರಲ್ಲಿ ಬಂದೆ. ಟ್ರಾಕ್ಸ್‌ಗಳೆಲ್ಲ ಹಾರ್ನ್ ಹೊಡೆದು ಹಿಂದಿಕ್ಕಿ ಹೋದವು.

ಮರುದಿನ ಕಾಕಾ ಅಂಗಡಿಗೆ ಹೋಗಿದ್ದು ಬ್ಯಾಲೆನ್ಸಿಂಗ್ ಮಾಡಿಸಲು ಮಾತ್ರ. ಇನ್ನೂ ಟೈರು ತಪ್ಪು ಅಂತ ನನಗೆ ಅನ್ನಿಸಿರಲಿಲ್ಲ, ಚಾಲಕ ತಪ್ಪು ಅಂದುಕೊಂಡಿದ್ದೆ. ಕಾಕಾ ಎದ್ದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಕೂತರು. ಮುಂದಿನ ಟೈರಿನ ಅಂಚು ಓದಿದರು, ಹಿಂದಿನದು ಓದಿದರು.

"ಇದು ಯಾರು ಹಾಕ್ಸಿದ್ದು?"

"ನಾನೇ ಕಾಕಾ."

"ಹಾಕಿದೋರು ಅಳತೆ ನೋಡಿದ್ರಾ?"

ನಾನು ಸುಮ್ಮನಿದ್ದೆ. ಅವರು ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದರು. ಮುಂದಿನ ಟೈರು ನೆಲ ಮುಟ್ಟುವ ಕಡೆ ಟೈರಿಗೊಂದು ಗೆರೆ, ಅದರ ನೇರಕ್ಕೆ ಸಿಮೆಂಟಿನ ನೆಲಕ್ಕೊಂದು ಗೆರೆ. ಹಿಂದಿನದಕ್ಕೂ ಹಾಗೇ. ಹುಡುಗರಿಗೆ ಕಾರು ತಳ್ಳಲು ಹೇಳಿದರು. ಟೈರಿನ ಗೆರೆ ಒಂದು ಪೂರ್ತಿ ಸುತ್ತು ಬಂದು ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗೆರೆ. ದರ್ಜಿಯ ಟೇಪಿನಲ್ಲಿ ಅಳೆದರು. ಹಿಂದಿನದು 183 ಸೆಂಟಿಮೀಟರಿನ ಮೇಲೊಂದು ಚೂರು. ಮುಂದಿನದು 178. ಟೇಪು ಅಲ್ಲೇ ಬಿಟ್ಟು ನನ್ನ ಮುಖ ನೋಡಿದರು.

ನಮ್ಮ ಲ್ಯಾಬಿನಲ್ಲೂ ಇಂಥದ್ದೇ ಒಂದು ಕೆಲಸ ಇದೆ. ಕ್ಯಾಪ್ ಮಾಡಿದ ಮೇಲೆ ಅಚ್ಚಿನ ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ತೆಳ್ಳಗಿನ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ಎಲ್ಲಿ ಎತ್ತರ ಇದೆಯೋ ಅಲ್ಲಿ ನೀಲಿ ಕಲೆ ಬೀಳುತ್ತದೆ. ಕೂದಲೆಳೆಯಷ್ಟು ಎತ್ತರ ಇದ್ದರೂ ರೋಗಿ ಬಂದು ಬೈಯುತ್ತಾನೆ. ಹತ್ತು ವರ್ಷದಿಂದ ಕಲೆ ನೋಡಿ ಉಜ್ಜುವವನಿಗೆ ಕಾಕಾನ ಸುಣ್ಣದ ಗೆರೆ ಬೇಕಾಯಿತು.

ಕಾಕಾ ಎತ್ತಿನ ಜೋಡಿಯ ಹೋಲಿಕೆ ಕೊಡುತ್ತಾರೆ ಅಂತ ಕಾದೆ. ಕೊಡಲಿಲ್ಲ. ಅಂಗಡಿ ಎದುರು ಮೆಕ್ಕೆಜೋಳ ತುಂಬಿದ ಲಾರಿ ನಿಂತಿತ್ತು, ಅದನ್ನು ತೋರಿಸಿದರು. ಲಾರಿಯ ಹಿಂದೆ ಜೋಡಿ ಟೈರು ಇರುತ್ತವಲ್ಲ, ಎರಡನ್ನೂ ಒಟ್ಟಿಗೆ ಬಿಗಿದಿರುತ್ತಾರೆ. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ದೊಡ್ಡದು ಭಾರವನ್ನೆಲ್ಲ ಹೊತ್ತು ಬಿಸಿಯಾಗಿ ಒಡೆಯುತ್ತದೆ. ಸಣ್ಣದು ನೆಲಕ್ಕೆ ಸರಿಯಾಗಿ ಕೂರದೆ ಉಜ್ಜಿಕೊಂಡು ಸವೆಯುತ್ತದೆ. ಅದಕ್ಕೇ ಲಾರಿಯವರು ಜೋಡಿ ಹುಡುಕುವುದು.

"ಅದು ಒಂದೇ ಕಡೆ ಬಿಗಿದಿದ್ದು ಕಾಕಾ. ಕಾರಿನಲ್ಲಿ ಮುಂದಿನದು ಬೇರೆ, ಹಿಂದಿನದು ಬೇರೆ. ಮಧ್ಯ ಏನೂ ಕಟ್ಟಿಲ್ಲವಲ್ಲ?" ಅಂದೆ. ಓದಿದವನ ಜಂಭ.

ಕಾಕಾ ಚಕ್ರದ ಒಳಗೆ ಕೈ ಹಾಕಿ ಒಂದು ಕಪ್ಪು ವೈರು ಎಳೆದು ತೋರಿಸಿದರು. "ಕಬ್ಬಿಣ ಕಟ್ಟಿಲ್ಲ, ಹೌದು. ಇದು ಕಟ್ಟೈತಲ್ಲಪ್ಪಾ?"

ಅದು ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆಯ ಸೆನ್ಸರಿನ ವೈರು. ನಾಲ್ಕೂ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿವೆ ಅಂತ ಕಂಪ್ಯೂಟರಿಗೆ ಹೇಳುವುದು ಅದೇ. ಮುಂದಿನವು ಯಾವಾಗಲೂ ಸುಮಾರು ನೂರಕ್ಕೆ ಮೂರು ಪಾಲು ಜಾಸ್ತಿ ತಿರುಗುತ್ತಿದ್ದರೆ ಅದರ ಲೆಕ್ಕದಲ್ಲಿ ಮುಂದಿನ ಚಕ್ರ ಜಾರುತ್ತಿದೆ ಅಂತ ಅರ್ಥ. ಹಿರಿಯೂರಿನ ಹಳದಿ ದೀಪ ಧೂಳಲ್ಲ, ಇದು. ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ ಕಾರಾಗಿದ್ದರೆ ನಿಜವಾಗಿಯೂ ಮಧ್ಯ ಕಬ್ಬಿಣ ಕಟ್ಟಿರುತ್ತದೆ, ಆಗ ದೀಪ ಮಿಟುಕುವುದಲ್ಲ, ಗೇರಿನ ಪೆಟ್ಟಿಗೆಯೇ ಬಿಲ್ ಕಳಿಸುತ್ತದೆ.

ಆಮೇಲೆ ಹಿಂದಿನ ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ ಉಗುರಿನಿಂದ ಕೆರೆದು ತೋರಿಸಿದರು. 2218. ಅಂದರೆ 2018ರ 22ನೇ ವಾರ ತಯಾರಾದದ್ದು. ಬಟನ್ ಎಷ್ಟೇ ಇರಲಿ, ರಬ್ಬರ್ ಗಟ್ಟಿಯಾಗಿತ್ತು. ಉಗುರು ಒತ್ತಿದರೆ ಗುರುತೇ ಬೀಳಲಿಲ್ಲ. ಹೊಸದರಲ್ಲಿ ಒತ್ತಿದರೆ ಬೀಳುತ್ತಿತ್ತು. ಎರಡೇ ಹೊಸ ಟೈರು ಹಾಕಿಸುವುದಾದರೆ, ಎಂಜಿನ್ ಮುಂದಿದ್ದರೂ ಹೊಸದು ಹಿಂದಕ್ಕೇ ಹೋಗಬೇಕು ಅಂದರು. ಟೈರ್ ಕಂಪನಿಗಳೂ ಇದನ್ನೇ ಹೇಳುತ್ತವೆ. ಮುಂದೆ ಜಾರಿದರೆ ಕಾಲು ತೆಗೆದು ಸರಿಮಾಡಬಹುದು, ಹಿಂದೆ ಜಾರಿದರೆ ನಮ್ಮಂಥವರ ಕೈಲಿ ಆಗುವುದಿಲ್ಲ. ಹುಲ್ಲು ಸಾಕ್ಷಿ.

ಎರಡು ಅಳತೆ ಅನ್ನೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪೋರ್ಷೆ 911ರ ಎಂಜಿನ್ ಹಿಂದಿದೆ, ಈಗಿನ ಕರೇರಾ ಎಸ್‌ನಲ್ಲಿ ಮುಂದೆ 245 ಅಗಲ, ಹಿಂದೆ 305. ಆಡಿ ಆರ್‌ಎಸ್3ರಲ್ಲಿ ನನ್ನ ಹಾಗೇ ಉಲ್ಟಾ: ಮುಂದೆ 265, ಹಿಂದೆ 245, ಅದೂ ಕಂಪನಿಯಿಂದಲೇ. ಅಂದರೆ ಶೋರೂಮ್ ಹುಡುಗ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆದರೆ ಅವರು ಸ್ಪ್ರಿಂಗು, ಕಂಪ್ಯೂಟರು ಎಲ್ಲವನ್ನೂ ಆ ಅಳತೆಗೇ ಕೂಡಿಸಿ ಕಾರು ಕಟ್ಟಿರುತ್ತಾರೆ. ನಾನು ಕಾರ್ಡ್ ಉಜ್ಜಿದ್ದೆ. ಮುಂದೆ ಅಗಲ ಬೇಕೇಬೇಕು ಅಂದರೆ ಎತ್ತರ ಕೂಡಿಬರಬೇಕು. 205/55 ಆರ್15 ಆದರೆ 606.5 ಮಿಲಿಮೀಟರ್, ನಮ್ಮ 603ಕ್ಕೆ ಹತ್ತಿರ. ಕಾಗದದ ಮೇಲೆ ಚೆಂದ. ಕಾಕಾ ಮೂರು ಕಡೆ ಫೋನ್ ಮಾಡಿದರು, ಎಲ್ಲೂ ಸಿಗಲಿಲ್ಲ. ಇನ್ನೊಂದು: ಒಂದೇ ಆಕ್ಸಲ್ಲಿನ ಎಡ ಬಲಕ್ಕೆ ಬೇರೆ ಬೇರೆ ಅಳತೆ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಸ್ಸಿನಲ್ಲಿ ಹೋಗಿ.

ಕೊನೆಗೆ ನಾಲ್ಕಕ್ಕೂ 195/55 ಆರ್15. ಎತ್ತರ 595.5, ಹಳೆಯದಕ್ಕಿಂತ ಏಳೂವರೆ ಮಿಲಿಮೀಟರ್ ಕಡಿಮೆ, ಆದರೆ ನಾಲ್ಕೂ ಒಂದೇ. ನನ್ನ ಆರು ಇಂಚು ಅಗಲದ ರಿಮ್ಮಿಗೆ ಸರಿಯಾಗಿ ಕೂರುತ್ತದೆ. 85ವಿ, ಅಂದರೆ ಒಂದೊಂದು ಟೈರು 515 ಕೆಜಿ ಹೊರುತ್ತದೆ, ಗಂಟೆಗೆ 240 ಕಿಲೋಮೀಟರಿನವರೆಗೆ ತಡೆಯುತ್ತದೆ. ಫಿಟ್ಟಿಂಗು, ಬ್ಯಾಲೆನ್ಸಿಂಗು, ಹೊಸ ವಾಲ್ವು ಸೇರಿ 27,200 ರೂಪಾಯಿ. ಶೋರೂಮಿನಲ್ಲಿ ಆವತ್ತೇ ನಾಲ್ಕು ತೆಗೆದುಕೊಂಡಿದ್ದರೆ ಒಂದು ಸಲದ ಖರ್ಚು ಉಳಿಯುತ್ತಿತ್ತು.

ಕೆಲಸದ ಬಗ್ಗೆ ಹೇಳಬೇಕಾದ್ದು: ಹುಡುಗ ರಿಮ್ಮಿನ ಹಳೆ ಗೋಂದನ್ನು ಪೂರ್ತಿ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬ್ಯಾಲೆನ್ಸಿಂಗಿನ ಹೊಸ ತೂಕ ಅಂಟಿಸಿದ. ಇದನ್ನು ಮಾಡುವವರು ಕಡಿಮೆ. ಟೈರು ಕೂರಿಸುವ ಮುಂಚೆ ಪ್ರತಿಯೊಂದರ ನಾಲ್ಕು ಅಂಕಿ ನನಗೆ ತೋರಿಸಿದರು. ನಾಲ್ಕೂ ಒಂದೇ ತಿಂಗಳೊಳಗಿನವು.

ಈಗ ಒಂದು ಸ್ಟಾರ್ ಯಾಕೆ ಕಡಿಮೆ ಅಂತ. ಬೋಲ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಸದ್ದು ಮಾಡಿ ಹೇಳುವ ಟಾರ್ಕ್ ಪಾನಾ ಇಲ್ಲ. ಪೋಲೊದ ವೀಲ್ ಬೋಲ್ಟು 120 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಇಲ್ಲಿ ಗಾಳಿ ಗನ್ನು ಟರ್ರ್ ಅನ್ನಿಸಿ, ಮೇಲೆ ಪಾನಾ ಇಟ್ಟು ಕಾಲಲ್ಲಿ ಒತ್ತುತ್ತಾರೆ. ಲಾರಿಗೆ ಅಭ್ಯಾಸವಾದ ಕಾಲು ಅದು. ಮನೆಗೆ ಹೋಗಿ ನನ್ನ ಟಾರ್ಕ್ ಪಾನಾದಲ್ಲಿ ಎಲ್ಲ ಸಡಿಲಿಸಿ ಮತ್ತೆ ಬಿಗಿದೆ. ಎರಡನೇ ಸಲ ಪಾನಾ ಜೊತೆಗೇ ಒಯ್ದಾಗ "ಟಕ್" ಅನ್ನುವ ಸದ್ದು ಕೇಳಿ ಕಾಕಾ ಮೂರು ಸಲ ತಾವೇ ಒತ್ತಿ ನೋಡಿದರು. ತರಿಸುತ್ತೇನೆ ಅಂದಿದ್ದಾರೆ. ತರಿಸಿಲ್ಲ. ಇನ್ನು ಅಲೈನ್‌ಮೆಂಟಿಗೆ ಪ್ರಿಂಟು ಕೊಡುವುದಿಲ್ಲ, ಪರದೆ ನೋಡಿ ಫೋಟೊ ತೆಗೆದುಕೊಳ್ಳಬೇಕು. ಲಾರಿ ಬಂದರೆ ಕಾರು ಕಾಯಬೇಕು. ನಾನು ಎರಡು ಗಂಟೆ ಕಾದೆ, ಒಂದು ಪ್ಲೇಟ್ ಮಂಡಕ್ಕಿ, ನಾಲ್ಕು ಮಿರ್ಚಿ ಮುಗಿದವು. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ.

ಹೊರಡುವಾಗ ಕಾಕಾ ಸೀಮೆಸುಣ್ಣದ ತುಂಡು ಕೊಟ್ಟರು. ಹೊಸ ಸೆಟ್ ಹಾಕಿಕೊಂಡು ಟ್ರ್ಯಾಕಿಗೆ ಹೋದಾಗ ಅದೇ ಕೆಲಸಕ್ಕೆ ಬಂತು. ಮುಂದಿನ ಟೈರಿನ ಅಂಚಿಂದ ಗೋಡೆಯವರೆಗೆ ಮೂರು ಗೆರೆ ಎಳೆದೆ. ಬೆಳಿಗ್ಗೆ ತಣ್ಣಗಿದ್ದಾಗ ಮುಂದೆ 30, ಹಿಂದೆ 32 ಪಿಎಸ್‌ಐ ಗಾಳಿ. ನಾಲ್ಕು ಸುತ್ತು ಹೊಡೆದು ಬಂದು ನೋಡಿದರೆ ಮುಂದೆ 36. ಬಿಸಿಗೆ ಗಾಳಿ ಹಿಗ್ಗುತ್ತದೆ. ಸುಣ್ಣದ ಗೆರೆ ಅಂಚಿನಲ್ಲೇ ಅಳಿಸಿ ನಿಂತಿತ್ತು, ಗೋಡೆಯ ಮೇಲಿನ ಸಣ್ಣ ತ್ರಿಕೋನದ ಗುರುತನ್ನು ಮುಟ್ಟಿರಲಿಲ್ಲ. ಅಂದರೆ ಟೈರು ಉಬ್ಬಿ ನಿಂತಿದೆ, ಪೂರ್ತಿ ಮೈ ನೆಲಕ್ಕೆ ಕೊಡುತ್ತಿಲ್ಲ. 33ಕ್ಕೆ ಇಳಿಸಿದೆ. ಮುಂದಿನ ಸಲ ಗೆರೆ ಸರಿಯಾಗಿ ತ್ರಿಕೋನದ ತುದಿಗೆ ಅಳಿಸಿತ್ತು. ಹಿಂದೆ ಒಂದೆರಡು ಪಿಎಸ್‌ಐ ಜಾಸ್ತಿಯೇ ಬಿಟ್ಟೆ. ಮೂತಿ ಸ್ವಲ್ಪ ಒಳಕ್ಕೆ ಬಂತು. 205 ಹಾಕಿ ಪಡೆಯಲು ಹೋದದ್ದರಲ್ಲಿ ಅರ್ಧದಷ್ಟು ಇಲ್ಲಿ ಗಾಳಿಯಲ್ಲೇ ಸಿಕ್ಕಿತು. ಪುಕ್ಕಟೆ. ಬೇಡ ಅನ್ನಿಸಿದರೆ ವಾಲ್ವ್ ಒತ್ತಿದರೆ ಮುಗಿಯಿತು.

ಒಂದು ವಿಷಯ ಮುಚ್ಚಿಡಬಾರದು. ಎರಡು ಅಳತೆಯಲ್ಲಿ ಆವತ್ತು ಬಂದ ಆ ಒಂದು ಸುತ್ತನ್ನು ನಾನಿನ್ನೂ ಮುರಿದಿಲ್ಲ. 0.4 ಸೆಕೆಂಡ್ ಹಿಂದೆಯೇ ಇದ್ದೇನೆ. ಆದರೆ ಈ ಸಲ ಎಂಟನೇ ಸುತ್ತೂ ಎರಡನೆಯದರ ಹಾಗೇ ಬಂತು, ಆ ಉದ್ದನೆಯ ತಿರುವಿನಲ್ಲಿ ಬೇಕಂತಲೇ ಸ್ವಲ್ಪ ಕಾಲು ತೆಗೆದು ನೋಡಿದೆ. ಹಿಂಭಾಗ ಒಂಚೂರು ಅಲುಗಿ ಮತ್ತೆ ಕೂತಿತು. ಹಳದಿ ದೀಪ ಚೆನ್ನೈಗೆ ಹೋಗುವಾಗಲೂ ಬರುವಾಗಲೂ ಮಿಟುಕಲಿಲ್ಲ.

ಆ ಎರಡು 205/50 ಆರ್15 ಟೈರು ನಮ್ಮ ಮನೆ ತಾರಸಿ ಮೇಲಿವೆ. ಒಂದರೊಳಗೆ ಅಮ್ಮ ಮಣ್ಣು ತುಂಬಿ ಕರಿಬೇವು ಹಾಕುವ ಯೋಚನೆಯಲ್ಲಿದ್ದಾಳೆ, ಅಷ್ಟರೊಳಗೆ ಮಾರಬೇಕು. ಒಂದೇ ಸಲ ಟ್ರ್ಯಾಕ್ ನೋಡಿವೆ. ಈಗಾಗಲೇ ಇದೇ ಅಳತೆಯ ಇನ್ನೆರಡು ಇಟ್ಟುಕೊಂಡವರು ಮಾತ್ರ ಕೇಳಿ. ಮುಂದಕ್ಕೆ ಮಾತ್ರ ಹಾಕಿಸ್ತೀನಿ ಅನ್ನೋರಿಗೆ ಕೊಡಲ್ಲ.